ಹಿತ್ತಲು ಉಳಿಸಿದ ಗಡ್ಡೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವು ಬಲು ಸಲೀಸಾಗಿ ಆಡುತ್ತೇವೆ. ಕಣ್ಣೆದುರಿಗಿರುವುದಕ್ಕೆ ಬೆಲೆ ಕಟ್ಟಲಾರದ ಮನುಷ್ಯಸ್ವಭಾವವನ್ನು ಆ ಗಾದೆ ಹಂಗಿಸುತ್ತದೆಯೇ ಹೊರತು, ಹಿತ್ತಲ ಗಿಡಕ್ಕೆ ಗುಣವೇ ಇಲ್ಲವೆಂದು ಹೇಳುವುದಿಲ್ಲ. ಇದಕ್ಕೆ ಆಲೂಗಡ್ಡೆಯ ಚರಿತ್ರೆಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಆಲೂಗಡ್ಡೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮಾಸಲು ಬಣ್ಣದ, ನುಣುಪಾದ, ಒಂದರಂತೆ ಇನ್ನೊಂದಿರುವ ಗಡ್ಡೆಗಳ ಮೂಟೆ. ಆದರೆ ಈ ಗಡ್ಡೆ ಹುಟ್ಟಿನಿಂದ ಹೀಗೆ ಏಕರೂಪದ್ದಲ್ಲ. ಹೊಲವೂ ಮಾರುಕಟ್ಟೆಯೂ ಅದನ್ನು ಒಂದಾಗಿಸಿದವು. ಹಿತ್ತಲು ಅದನ್ನು ಹಲವಾಗಿ ಉಳಿಸಿತು. ಹೊಲದ ಗಡ್ಡೆ ಕೈಕೊಟ್ಟಾಗಲೆಲ್ಲ ಮದ್ದನ್ನು ಅರಸಿದವರು ತಮಗೆ ತಿಳಿದೋ ತಿಳಿಯದೆಯೋ ಹಿತ್ತಲಿಗೇ ಮರಳಿದರು. ಈ ಹೊತ್ತಿನ ಮಾತು ಆ ಸಂಗತಿಯನ್ನು ಕುರಿತದ್ದು.

ಮೊದಲು ಈ ಗಿಡದ ಒಂದು ಗುಣವನ್ನು ಅರಿಯಬೇಕು. ಆಲೂಗಡ್ಡೆಗೆ ವಂಶ ಬೆಳೆಯಲು ದಾರಿ ಎರಡು. ಗಡ್ಡೆಯ ಮೈಮೇಲೆ ಕಣ್ಣುಗಳಿವೆ. ಕಣ್ಣುಳ್ಳ ಒಂದು ತುಂಡನ್ನು ನೆಟ್ಟರೆ ಮೊಳಕೆ ಬರುತ್ತದೆ. ಹೀಗೆ ಬಂದ ಗಿಡ ತಾಯಿಯ ಮಗುವಲ್ಲ, ತಾಯಿಯೇ. ಅದೇ ರುಚಿ, ಅದೇ ಬಣ್ಣ, ಅದೇ ಬಲ, ಅದೇ ದೌರ್ಬಲ್ಯ. ಎರಡನೆಯ ದಾರಿ ಹೂವಿನದು. ಬದನೆ, ಟೊಮೇಟೊಗಳ ಕುಲಕ್ಕೇ ಸೇರಿದ ಈ ಗಿಡ ತಂಪು ಸೀಮೆಗಳಲ್ಲಿ ಹಗಲು ದೀರ್ಘವಾದಾಗ ಹೂ ಬಿಟ್ಟು, ಸಣ್ಣ ಹಸಿರು ಟೊಮೇಟೊವನ್ನು ಹೋಲುವ ಕಾಯನ್ನು ಕಟ್ಟುತ್ತದೆ. ಆ ಕಾಯಿ ತಿನ್ನಲು ಬಾರದು, ವಿಷ. ಆದರೆ ಅದರೊಳಗಿನ ಒಂದೊಂದು ಬೀಜವೂ ಒಂದೊಂದು ಹೊಸ ತಳಿ. ಒಂದೇ ಕಾಯಿಯ ಬೀಜಗಳಿಂದ ಕೆಂಪು ಗಡ್ಡೆ, ಬಿಳಿ ಗಡ್ಡೆ, ಉದ್ದನೆಯದು, ದುಂಡನೆಯದು, ಉಂಡರೆ ಹಿತವಾದದ್ದು, ಬಾಯಿಗೆ ಕಹಿಯಾದದ್ದು ಎಲ್ಲವೂ ಹುಟ್ಟಬಹುದು. ಲಾಭ ಬಯಸುವ ರೈತನಿಗೆ ಮೊದಲನೆಯ ದಾರಿ ಸುಲಭ, ಖಚಿತ. ಎರಡನೆಯದಕ್ಕೆ ಬಿಡುವು ಬೇಕು, ತಾಳ್ಮೆ ಬೇಕು, ಸೋತರೂ ಸಹಿಸುವ ಚಪಲ ಬೇಕು. ಇವು ಸಾಮಾನ್ಯವಾಗಿ ಸಿಗುವುದು ಕೈತೋಟದಲ್ಲಿ.

ಈ ಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆ. ಈಗಿನ ಪೆರು, ಬೊಲಿವಿಯಾ ದೇಶಗಳ ನಡುವಣ ಟಿಟಿಕಾಕಾ ಸರೋವರದ ಆಸುಪಾಸಿನಲ್ಲಿ ಸುಮಾರು ಏಳೆಂಟು ಸಾವಿರ ವರ್ಷಗಳ ಹಿಂದೆ ಅಲ್ಲಿನ ಜನ ಕಾಡು ಗಡ್ಡೆಯನ್ನು ಪಳಗಿಸಿದರು. ಆ ಸೀಮೆಯಲ್ಲಿ ಬೆಟ್ಟದ ಒಂದು ಮಗ್ಗುಲಿಗೆ ಹಿಮ ಬಿದ್ದರೆ ಇನ್ನೊಂದು ಮಗ್ಗುಲಿಗೆ ಬಿಸಿಲು. ಒಂದು ಮಡಿಯಲ್ಲಿ ನೀರು ನಿಂತರೆ ಮೇಲಿನ ಮಡಿಯಲ್ಲಿ ಬರ. ಆದ್ದರಿಂದ ಅಲ್ಲಿನ ರೈತರು ಒಂದೇ ತುಂಡು ನೆಲದಲ್ಲಿ ಹತ್ತಾರು ತಳಿಗಳನ್ನು ಬೆರೆಸಿ ನೆಡುವ ಪದ್ಧತಿಯನ್ನು ರೂಢಿಸಿಕೊಂಡರು. ಯಾವ ವರ್ಷ ಯಾವ ವಿಪತ್ತು ಬಂದರೂ ಯಾವುದೋ ಒಂದು ತಳಿ ಉಳಿದು ಮನೆಯ ಒಲೆಯನ್ನು ಆರದಂತೆ ಕಾಯುತ್ತಿತ್ತು. ಅತಿ ಎತ್ತರದಲ್ಲಿ ಬೆಳೆಯುವ ಕಹಿ ಗಡ್ಡೆಗಳನ್ನು ರಾತ್ರಿಯ ಹಿಮಕ್ಕೂ ಹಗಲಿನ ಬಿಸಿಲಿಗೂ ಒಡ್ಡಿ, ತುಳಿದು ನೀರು ಹಿಂಡಿ, ‘ಚುನ್ಯೊ’ ಎಂಬ ಒಣಗಡ್ಡೆಯನ್ನಾಗಿ ಮಾಡಿ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಿದ್ದರು.

ಆ ಜನರ ಕೆಚುವಾ ಭಾಷೆಯಲ್ಲಿ ಈ ತಳಿಗಳಿಗೆ ಇರುವ ಹೆಸರುಗಳೇ ಒಂದು ರಸಮಯ ಪ್ರಪಂಚ. ಒಂದರ ಹೆಸರು ‘ಪೂಮಾ ಮಾಕಿ’, ಎಂದರೆ ಪೂಮಾ ಎಂಬ ಕಾಡುಮೃಗದ ಪಂಜ. ಇನ್ನೊಂದು ಮೈತುಂಬ ಗಂಟುಗಂಟಾಗಿ ಸಿಪ್ಪೆ ಸುಲಿಯಲು ಬಾರದ ಗಡ್ಡೆ. ಅದರ ಹೆಸರಿನ ಅರ್ಥ ‘ಸೊಸೆಯನ್ನು ಅಳಿಸುವುದು’. ಹೊಸದಾಗಿ ಮನೆ ಹೊಕ್ಕ ಸೊಸೆಯ ಕೈಗೆ ಅತ್ತೆ ಈ ಗಡ್ಡೆಯನ್ನು ಕೊಟ್ಟು, ತಿರುಳು ಹಾಳಾಗದಂತೆ ಸುಲಿಯುವಳೋ ಇಲ್ಲವೋ ಎಂದು ನೋಡುತ್ತಿದ್ದಳಂತೆ. ಸಾಗರದಾಚೆಯ ಈ ಅತ್ತೆಯನ್ನು ನಮ್ಮವರಿಗೆ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. 1971ರಲ್ಲಿ ಪೆರುವಿನ ಲಿಮಾ ನಗರದಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ನಾಲ್ಕು ಸಾವಿರಕ್ಕೂ ಮಿಕ್ಕಿದ ನಾಡತಳಿಗಳನ್ನು ಸಂಗ್ರಹಿಸಿಟ್ಟಿದೆ. ಅಷ್ಟನ್ನೂ ಶತಮಾನಗಳ ಕಾಲ ಉಳಿಸಿಕೊಂಡು ಬಂದದ್ದು ಮನೆಮನೆಯ ಬಿತ್ತನೆಯ ಬುಟ್ಟಿ.

ಸ್ಪೇನಿನವರು ಪೆರುವನ್ನು ಗೆದ್ದ ಮೇಲೆ, ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಈ ಗಡ್ಡೆ ಅಟ್ಲಾಂಟಿಕ್ ಸಾಗರವನ್ನು ದಾಟಿತು. 1567ರಲ್ಲಿ ಕ್ಯಾನರಿ ದ್ವೀಪಗಳಿಂದ ಆಂಟ್‌ವರ್ಪ್ ಬಂದರಿಗೆ ಆಲೂಗಡ್ಡೆ ಹೋದದ್ದಕ್ಕೆ ದಾಖಲೆಯಿದೆ. ಆದರೆ ಯೂರೋಪಿನಲ್ಲಿ ಅದು ಬಹುಕಾಲ ಉಳಿದದ್ದು ಹೊಲದಲ್ಲಲ್ಲ, ಕುತೂಹಲಿಗಳ ತೋಟದಲ್ಲಿ. 1588ರಲ್ಲಿ ಕ್ಲೂಸಿಯಸ್ ಎಂಬ ಪ್ರಸಿದ್ಧ ಸಸ್ಯಶಾಸ್ತ್ರಜ್ಞ ವಿಯೆನ್ನಾದಲ್ಲಿದ್ದಾಗ ಮಿತ್ರನೊಬ್ಬ ಅವನಿಗೆ ಎರಡು ಗಡ್ಡೆಗಳನ್ನೂ ಒಂದು ಕಾಯನ್ನೂ ಕಳುಹಿಸಿಕೊಟ್ಟ. ಇಂಗ್ಲೆಂಡಿನಲ್ಲಿ ಜಾನ್ ಜೆರಾರ್ಡ್ ಎಂಬಾತ ಲಂಡನ್ನಿನ ತನ್ನ ತೋಟದಲ್ಲಿ ಅದನ್ನು ಬೆಳೆಸಿ, 1597ರಲ್ಲಿ ಪ್ರಕಟಿಸಿದ ಸಸ್ಯಕೋಶದಲ್ಲಿ ಕೈಯಲ್ಲಿ ಆಲೂಗಡ್ಡೆಯ ಹೂ ಹಿಡಿದ ತನ್ನ ಚಿತ್ರವನ್ನೇ ಹಾಕಿಸಿಕೊಂಡ. ಇಂದು ನಾವು ಹೂವಿನತ್ತ ತಿರುಗಿಯೂ ನೋಡದ ಗಿಡವನ್ನು ಅಂದಿನವರು ಗುಲಾಬಿಯಂತೆ ಹಿಡಿದು ನಿಂತಿದ್ದರು. ಕೈಯಿಂದ ಕೈಗೆ, ತೋಟದಿಂದ ತೋಟಕ್ಕೆ ಕಾಣಿಕೆಯಾಗಿ ದಾಟಿದ ಗಡ್ಡೆಗಳು ಬೆರಳೆಣಿಕೆಯವು. ಹೊಸ ಖಂಡವನ್ನು ಮುಟ್ಟಿದ್ದು ಆಂಡೀಸಿನ ಸಂಪತ್ತಿನ ಒಂದು ಹಿಡಿ ಮಾತ್ರ.

ಹದಿನೆಂಟನೆಯ ಶತಮಾನದಲ್ಲಿ ಗಡ್ಡೆ ತೋಟದಿಂದ ಹೊಲಕ್ಕೆ ಇಳಿಯಿತು. ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ನೆಚ್ಚಿದ್ದು ಐರ್ಲೆಂಡು. ಅಲ್ಲಿನ ಒಳ್ಳೆಯ ನೆಲ ಜಮೀನ್ದಾರರದು. ಅದರಲ್ಲಿ ಬೆಳೆದ ಧಾನ್ಯ ಗೇಣಿಗೂ ರಫ್ತಿಗೂ ಮೀಸಲು. ಬಡ ಒಕ್ಕಲಿಗೆ ಉಳಿದದ್ದು ಒಂದು ತುಣುಕು ಭೂಮಿ. ಅಷ್ಟರಲ್ಲಿ ಸಂಸಾರದ ಹೊಟ್ಟೆ ತುಂಬಿಸಬಲ್ಲ ಬೆಳೆ ಆಲೂಗಡ್ಡೆಯೊಂದೇ. ದುಡಿಯುವ ಗಂಡಾಳು ದಿನಕ್ಕೆ ಐದಾರು ಕಿಲೋ ಗಡ್ಡೆಯನ್ನು ತಿನ್ನುತ್ತಿದ್ದನೆಂದರೆ ಅದರ ಮೇಲಿನ ಅವಲಂಬನೆಯನ್ನು ಊಹಿಸಬಹುದು. ಬಡವರು ನೆಡುತ್ತಿದ್ದ ತಳಿಯ ಹೆಸರು ಲಂಪರ್. ರುಚಿಯಲ್ಲಿ ಸಾಧಾರಣ, ನೀರುನೀರು. ಆದರೆ ಸತ್ತ್ವವಿಲ್ಲದ ನೆಲದಲ್ಲೂ ಹೇರಳವಾಗಿ ಬೆಳೆಯುತ್ತಿತ್ತು. ಲಕ್ಷಾಂತರ ಗುಡಿಸಲುಗಳ ಮುಂದೆ ಒಂದೇ ಗಡ್ಡೆಯ ತುಂಡುಗಳು, ಒಂದೇ ಗಿಡದ ಪಡಿನೆಳಲುಗಳು.

1845ರ ಶರತ್ಕಾಲದಲ್ಲಿ ಅಂಗಮಾರಿ ರೋಗ ಬಂದಿತು. ಎಲೆಯ ಮೇಲೆ ಕಪ್ಪು ಕಲೆ. ಕೆಲವೇ ದಿನಗಳಲ್ಲಿ ಗಿಡ ಸುಟ್ಟಂತೆ ಕಪ್ಪಾಗುವುದು. ಅಗೆದರೆ ಕೊಳೆತು ನಾರುವ ಗಡ್ಡೆ. ಮರುವರ್ಷ ಬೆಳೆ ಹೆಚ್ಚುಕಡಿಮೆ ಪೂರ್ತಿಯಾಗಿ ನಾಶವಾಯಿತು. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷವಿದ್ದ ಐರ್ಲೆಂಡಿನ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿದಿತ್ತು. ಹತ್ತು ಲಕ್ಷದಷ್ಟು ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತರು. ಅದಕ್ಕಿಂತ ಹೆಚ್ಚು ಮಂದಿ ಹಡಗು ಹತ್ತಿದರು. ಈ ಕ್ಷಾಮಕ್ಕೆ ಗಡ್ಡೆಯೊಂದನ್ನೇ ದೂರುವುದು ಅನ್ಯಾಯ. ಜನ ಸಾಯುತ್ತಿದ್ದಾಗಲೂ ಅಲ್ಲಿನ ಬಂದರುಗಳಿಂದ ಧಾನ್ಯ ಹೊರಗೆ ಹೋಗುತ್ತಲೇ ಇತ್ತು. ಗೇಣಿಯ ವ್ಯವಸ್ಥೆ, ಸರ್ಕಾರದ ಉದಾಸೀನ ಇವುಗಳ ಪಾಲು ದೊಡ್ಡದು. ಆದರೆ ರೋಗ ಕಾಲಿಟ್ಟಾಗ ಅದಕ್ಕೆ ಅಡ್ಡ ನಿಲ್ಲಬಲ್ಲ ಬೇರೊಂದು ಗಿಡ ಬಡವನ ನೆಲದಲ್ಲಿ ಇರಲಿಲ್ಲವೆಂಬುದೂ ಅಷ್ಟೇ ನಿಜ. ಬಡತನ ಅವನ ಆಯ್ಕೆಯನ್ನು ಒಂದಕ್ಕೆ ಇಳಿಸಿತ್ತು. ಆ ಒಂದನ್ನೂ ರೋಗ ಕಸಿದುಕೊಂಡಿತು.

ರೋಗದ ಕಾರಣವೇನೆಂದು ಅಂದಿನವರಿಗೆ ತಿಳಿದಿರಲಿಲ್ಲ. ಕೆಟ್ಟ ಗಾಳಿ ಎಂದರು, ದೈವಕೋಪ ಎಂದರು. ಬರ್ಕ್ಲಿ ಎಂಬ ಇಂಗ್ಲಿಷ್ ಪಾದ್ರಿ 1846ರಲ್ಲಿ ಇದು ಬೂಷ್ಟಿನಂಥ ಸೂಕ್ಷ್ಮಜೀವಿಯ ಕೆಲಸವೆಂದು ವಾದಿಸಿದಾಗ ಒಪ್ಪಿದವರು ಕಡಿಮೆ. ಮುಂದೆ ಜರ್ಮನಿಯ ಆಂಟನ್ ಡಿ ಬಾರಿ ಪ್ರಯೋಗಗಳಿಂದ ಅದನ್ನು ಸಾಧಿಸಿ, 1876ರಲ್ಲಿ ಆ ಜೀವಿಯನ್ನು ‘ಸಸ್ಯನಾಶಕ’ ಎಂಬ ಅರ್ಥದ ಫೈಟಾಫ್ತೊರ ಎಂಬ ಕುಲನಾಮದಿಂದ ಕರೆದ.

ಇಷ್ಟರಲ್ಲಿ ಅಮೆರಿಕದಲ್ಲಿ, ನ್ಯೂಯಾರ್ಕ್ ರಾಜ್ಯದ ಯುಟಿಕಾ ಎಂಬ ಊರಿನಲ್ಲಿ, ಇನ್ನೊಬ್ಬ ಪಾದ್ರಿ ಬೇರೊಂದು ದಾರಿ ಹಿಡಿದಿದ್ದ. ಅವನ ಹೆಸರು ಚಾನ್ಸಿ ಗುಡ್ರಿಚ್. ತಲೆತಲಾಂತರದಿಂದ ಗಡ್ಡೆಯನ್ನೇ ಕತ್ತರಿಸಿ ನೆಟ್ಟಿದ್ದರಿಂದ ಆಲೂಗಡ್ಡೆಯ ಕುಲ ಮುದಿಯಾಗಿದೆ, ತವರಿನಿಂದ ಹೊಸ ರಕ್ತ ತರಿಸಬೇಕು ಎಂಬುದು ಅವನ ನಂಬಿಕೆ. ಕುಲಕ್ಕೆ ಮುಪ್ಪು ಬರುತ್ತದೆಂಬ ಅವನ ತರ್ಕ ಸರಿಯಲ್ಲ. ಅವನು ಕೈಗೊಂಡ ಕೆಲಸ ಮಾತ್ರ ಸರಿಯಾದದ್ದು. 1851ರಲ್ಲಿ ಪನಾಮಾದಲ್ಲಿದ್ದ ಅಮೆರಿಕದ ರಾಯಭಾರಿ ಕಚೇರಿಯ ಮೂಲಕ ದಕ್ಷಿಣ ಅಮೆರಿಕದ ಕೆಲವು ಗಡ್ಡೆಗಳನ್ನು ತರಿಸಿಕೊಂಡು, ಅವು ಕಟ್ಟಿದ ಕಾಯಿಗಳ ಬೀಜದಿಂದ ಸಾವಿರಾರು ಸಸಿಗಳನ್ನು ಎಬ್ಬಿಸಿದ. ಬಹುಪಾಲನ್ನು ಕಿತ್ತೆಸೆದ. ಉಳಿಸಿಕೊಂಡವುಗಳಲ್ಲಿ 1853ರಲ್ಲಿ ಹುಟ್ಟಿದ ‘ಗಾರ್ನೆಟ್ ಚಿಲಿ’ ಒಂದು. ಅದರ ಬೀಜದಿಂದ 1861ರಲ್ಲಿ ವರ್ಮಾಂಟಿನ ಆಲ್ಬರ್ಟ್ ಬ್ರಸೀ ಎಂಬ ಬೆಳೆಗಾರ ‘ಅರ್ಲಿ ರೋಸ್’ ಎಂಬ ತಳಿಯನ್ನು ಪಡೆದ.

ಅರ್ಲಿ ರೋಸ್ ಕಾಯಿ ಕಟ್ಟುವುದು ಅಪರೂಪ. 1872ರ ಸುಮಾರಿಗೆ ಮಸಾಚುಸೆಟ್ಸಿನಲ್ಲಿ ಲೂಥರ್ ಬರ್ಬ್ಯಾಂಕ್ ಎಂಬ ತರುಣ ತನ್ನ ತಾಯಿಯ ತೋಟದಲ್ಲಿ ಅಂಥ ಒಂದು ಕಾಯನ್ನು ಕಂಡ. ಅದು ಮಾಗಲೆಂದು ಕಾದಿರಲು, ಒಂದು ದಿನ ಕಾಯಿ ಮಾಯವಾಯಿತು. ದಿನಗಟ್ಟಲೆ ಹುಡುಕಿ, ನೆಲದಲ್ಲಿ ಬಿದ್ದಿದ್ದ ಅದನ್ನು ಕಂಡುಹಿಡಿದ. ಒಳಗಿದ್ದ ಬೀಜ ಇಪ್ಪತ್ತಮೂರು. ಇಪ್ಪತ್ತಮೂರೂ ಸಸಿಗಳು ಒಂದೊಂದು ತೆರ. ಅವುಗಳಲ್ಲಿ ಒಂದು ಮಿಕ್ಕೆಲ್ಲವನ್ನೂ ಮೀರಿಸಿತು. 1875ರಲ್ಲಿ 150 ಡಾಲರಿಗೆ ಆ ತಳಿಯನ್ನು ಬೀಜದ ವ್ಯಾಪಾರಿಗೆ ಮಾರಿ, ತನಗೆಂದು ಉಳಿಸಿಕೊಂಡ ಹತ್ತು ಗಡ್ಡೆಗಳೊಡನೆ ಬರ್ಬ್ಯಾಂಕ್ ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದ. ಆ ತಳಿಯಲ್ಲಿಯೇ ಮುಂದೆ ಸಿಪ್ಪೆಯಷ್ಟೇ ಬದಲಾದ ‘ರಸೆಟ್ ಬರ್ಬ್ಯಾಂಕ್’ ಕಾಣಿಸಿಕೊಂಡಿತು. ಉತ್ತರ ಅಮೆರಿಕದಲ್ಲಿ ಕಡ್ಡಿಗಳಂತೆ ಸೀಳಿ ಕರಿಯುವ ಆಲೂಗಡ್ಡೆಗೆ ಬಹುಕಾಲದಿಂದ ಬಳಕೆಯಾಗುತ್ತಿರುವುದು ಇದೇ. ಚರಿತ್ರೆಯ ವಿಡಂಬನೆಯೆಂದರೆ, ಒಂದು ಕಾಯಿಯ ಇಪ್ಪತ್ತಮೂರು ಬಗೆಗಳೊಳಗಿಂದ ಬಂದ ಗಡ್ಡೆ ತಾನೇ ಲಕ್ಷಾಂತರ ಎಕರೆಗಳ ಏಕರೂಪಕ್ಕೆ ಒಡೆಯನಾಯಿತು. ಹಿತ್ತಲು ಕೊಟ್ಟದ್ದನ್ನು ಹೊಲ ಮತ್ತೆ ಲಂಪರಿನ ದಾರಿಗೇ ಎಳೆದೊಯ್ದಿತು.

ಮೂರನೆಯ ತೋಟ ಇಂಗ್ಲೆಂಡಿನದು. ರೆಡ್‌ಕ್ಲಿಫ್ ಸಾಲಮನ್ ವೃತ್ತಿಯಿಂದ ವೈದ್ಯರು. ಕ್ಷಯರೋಗ ತಗುಲಿ, ಲಂಡನ್ನಿನ ಆಸ್ಪತ್ರೆಯ ಕೆಲಸವನ್ನು ಬಿಟ್ಟು, ಬಾರ್ಲಿ ಎಂಬ ಹಳ್ಳಿಯಲ್ಲಿ ನೆಲಸಿದರು. ಆಗ ತಾನೇ ಬೆಳಕಿಗೆ ಬಂದಿದ್ದ ಮೆಂಡಲನ ಅನುವಂಶಿಕತೆಯ ನಿಯಮಗಳನ್ನು ಪರೀಕ್ಷಿಸುವ ಹಂಬಲ ಅವರಿಗೆ. ಪ್ರಾಣಿಗಳ ಮೇಲಿನ ಪ್ರಯೋಗ ಕೈಗೂಡಲಿಲ್ಲ. ಕೊನೆಗೆ 1906ರಲ್ಲಿ, ಯಾವ ತರಕಾರಿಯನ್ನು ಆರಿಸಿಕೊಳ್ಳಲಿ ಎಂದು ತಮ್ಮ ತೋಟದ ಮಾಲಿಯನ್ನೇ ಕೇಳಿದರು. ಆಲೂಗಡ್ಡೆಯ ವಿಷಯದಲ್ಲಿ ತನಗಿಂತ ಹೆಚ್ಚು ಬಲ್ಲವನು ಇಲ್ಲವೆಂದು ನಂಬಿದ್ದ ಮಾಲಿ ಅದನ್ನೇ ಸೂಚಿಸಿದ. ಮಾಲಿಯ ಮಾತನ್ನು ಗೌರವದಿಂದ ಕೇಳಿದ ಈ ವೈದ್ಯರು ನಲವತ್ತಕ್ಕೂ ಹೆಚ್ಚು ವರ್ಷ ಆ ಗಡ್ಡೆಯನ್ನು ಬಿಡಲಿಲ್ಲ. ಕ್ಯೂ ಸಸ್ಯೋದ್ಯಾನದಿಂದ ತರಿಸಿದ, ಮೆಕ್ಸಿಕೊದ ಕಾಡುಗಡ್ಡೆಯ ರಕ್ತವುಳ್ಳ ಒಂದು ವಿಚಿತ್ರ ತಳಿಯ ಸಸಿಗಳನ್ನು ಬೆಳೆಸಿದಾಗ, ಅಂಗಮಾರಿ ಬಂದು ಬಹುಪಾಲು ಸತ್ತರೂ ಕೆಲವು ಮಾತ್ರ ಹಸಿರಾಗಿ ನಿಂತವು. ಅಂಗಮಾರಿಯನ್ನು ತಡೆಯುವ ಶಕ್ತಿಯೂ ತಾಯಿಯಿಂದ ಮಕ್ಕಳಿಗೆ ಇಳಿದುಬರಬಲ್ಲದು, ಅದನ್ನು ಉಣ್ಣುವ ತಳಿಗೆ ಬೆಸೆಯಬಹುದು ಎಂಬ ಆಸೆಗೆ ಆಧಾರ ದೊರೆತದ್ದು ಹೀಗೆ. ರೋಗಾಣುವೂ ಸುಮ್ಮನಿರಲಿಲ್ಲ; ಹೊಸ ಹೊಸ ರೂಪ ತಾಳಿ ಈ ಕೋಟೆಯನ್ನೂ ಮುರಿಯಿತು. ಹಾಗೆ ಮುರಿದಾಗಲೆಲ್ಲ ತಜ್ಞರು ಮತ್ತೊಂದು ಕಾಡುಗಡ್ಡೆಯನ್ನೋ ನಾಡತಳಿಯನ್ನೋ ಅರಸಬೇಕಾಯಿತು. ಅರಸಲು ಅವು ಎಲ್ಲಿಯಾದರೂ ಉಳಿದಿರಬೇಕಷ್ಟೆ! ಸಾಲಮನ್ನರು 1949ರಲ್ಲಿ ಪ್ರಕಟಿಸಿದ ಆಲೂಗಡ್ಡೆಯ ಸಾಮಾಜಿಕ ಇತಿಹಾಸ ಇಂದಿಗೂ ಆ ವಿಷಯದ ಹಿರಿಯ ಗ್ರಂಥ.

ಉಳಿಸುವ ಕೆಲಸ ಸುಲಭವಾಗಿರಲಿಲ್ಲ. 1973ರಿಂದ ಈಚೆಗೆ ಬ್ರಿಟನ್ನಿನಲ್ಲಿ ಅಧಿಕೃತ ಪಟ್ಟಿಯಲ್ಲಿ ಹೆಸರಿಲ್ಲದ ತಳಿಯ ಬಿತ್ತನೆಯನ್ನು ಮಾರುವಂತಿರಲಿಲ್ಲ. ಪಟ್ಟಿಗೆ ಸೇರಿಸಲು ಖರ್ಚು. ಖರ್ಚು ಮಾಡಲು ಅಂಥ ತಳಿಯಿಂದ ಲಾಭವಿಲ್ಲ. ಹೀಗಾಗಿ ಹಳೆಯ ತಳಿಗಳು ಬದುಕಿದ್ದು ಡೊನಾಲ್ಡ್ ಮ್ಯಾಕ್ಲೀನರಂಥ ಹವ್ಯಾಸಿಗಳ ನೆಲದಲ್ಲಿ. ಅವರು ಸ್ಕಾಟ್ಲೆಂಡಿನಲ್ಲಿ ನೂರಾರು ತಳಿಗಳನ್ನು ವರ್ಷವರ್ಷವೂ ನೆಟ್ಟು, ಕಿತ್ತು, ಹೆಸರು ಬರೆದಿಟ್ಟು ಕಾಪಾಡಿದರು. ಕೈಬೆರಳಿನಂತೆ ಗಂಟುಗಂಟಾದ ‘ಪಿಂಕ್ ಫರ್ ಆಪಲ್’, ಕೊಯ್ದರೆ ಒಳಗೆ ನೇರಳೆ ಬಳೆಯಿರುವ ‘ಶೆಟ್ಲೆಂಡ್ ಬ್ಲ್ಯಾಕ್’ ಮುಂತಾದವು ಇಂದಿಗೂ ಕೈತೋಟಗಳಲ್ಲಿ ಕಾಣಸಿಗುವುದು ಇಂಥವರ ಹುಚ್ಚಿನಿಂದ. ಕ್ಷಾಮದೊಡನೆ ಹೆಸರು ಕೆಡಿಸಿಕೊಂಡ ಲಂಪರ್ ಕೂಡ ಅಳಿಯಲಿಲ್ಲ. ಸಂಗ್ರಹದಿಂದ ಕೆಲವೇ ಗಡ್ಡೆಗಳನ್ನು ಪಡೆದು ಬೆಳೆಸಿದ ಐರ್ಲೆಂಡಿನ ಬೆಳೆಗಾರರೊಬ್ಬರಿಂದಾಗಿ 2013ರಲ್ಲಿ ಅದು ಮತ್ತೆ ಅಂಗಡಿಯನ್ನು ಕಂಡಿತು.

ನಮ್ಮ ನಾಡಿಗೆ ಈ ಗಡ್ಡೆಯನ್ನು ತಂದವರು ಪೋರ್ಚುಗೀಸರು. ಕರಾವಳಿಯವರ ‘ಬಟಾಟೆ’ ಅವರ ಬಾಯಿಂದ ಬಂದ ಮಾತು. ಅದೂ ಮೂಲತಃ ಕ್ಯಾರಿಬಿಯನ್ ದ್ವೀಪವಾಸಿಗಳು ಗೆಣಸನ್ನು ಕರೆಯುತ್ತಿದ್ದ ಹೆಸರು. ‘ಆಲು’ ಎಂಬುದು ಸಂಸ್ಕೃತದಲ್ಲಿ ಮೊದಲಿನಿಂದಲೂ ಬೇರೆ ಗಡ್ಡೆಗಳಿಗಿದ್ದ ಶಬ್ದ. ಉತ್ತರ ಭಾರತದಲ್ಲಿ ಮೈದಾನದಲ್ಲೂ ಹೂ ಬಿಡುವ ‘ಫುಲ್ವಾ’, ಪೂರ್ವದಲ್ಲಿ ‘ದಾರ್ಜಿಲಿಂಗ್ ಕೆಂಪು’ ಮೊದಲಾದ ತಳಿಗಳು ಇಲ್ಲಿಯ ಮಣ್ಣಿಗೆ ಒಗ್ಗಿ ದೇಸಿ ಎನಿಸಿಕೊಂಡವು. 1949ರಲ್ಲಿ ಪಾಟ್ನಾದಲ್ಲಿ ಆರಂಭವಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1956ರಲ್ಲಿ ಸಿಮ್ಲಾಕ್ಕೆ ಹೋದುದಕ್ಕೆ ಕಾರಣ, ಗಿಡ ಚೆನ್ನಾಗಿ ಹೂ ಬಿಟ್ಟು ಕಾಯಿ ಕಟ್ಟುವ ಅಲ್ಲಿನ ತಂಪು ಹವೆ. ಸಮೀಪದ ಕುಫ್ರಿ ಎಂಬ ಊರಿನ ಹೆಸರು ಆ ಸಂಸ್ಥೆಯ ತಳಿಗಳಿಗೆಲ್ಲ ಮನೆತನದ ಹೆಸರಿನಂತೆ ಅಂಟಿಕೊಂಡಿತು.

ಅವುಗಳಲ್ಲಿ ಒಂದಾದ, 1968ರಲ್ಲಿ ಬಿಡುಗಡೆಯಾದ ‘ಕುಫ್ರಿ ಜ್ಯೋತಿ’ಯನ್ನು ಹಾಸನದ ರೈತರು ಬಲ್ಲರು. ಅಂಗಮಾರಿಯನ್ನು ತಡೆಯುವ ತಳಿಯೆಂದೇ ಹೆಸರಾದ ಅದು ಜಲಂಧರದಿಂದ ಲಾರಿಗಳಲ್ಲಿ ಬಂದು ಮುಂಗಾರಿನಲ್ಲಿ ಆ ಜಿಲ್ಲೆಯ ಹೊಲಗಳನ್ನು ಆವರಿಸಿಕೊಂಡಿತು. ಕಾಲಾಂತರದಲ್ಲಿ ಅದರ ನಿರೋಧಶಕ್ತಿ ಕುಂದಿತು. ಮಳೆಗಾಲದ ತೇವದಲ್ಲಿ ರೋಗ ಹಬ್ಬಿತು. ಬಿತ್ತನೆಯ ಗುಣ, ಬೆಲೆಯ ಏರಿಳಿತ ಇವೂ ಸೇರಿಕೊಂಡು ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಹಾಸನದ ಆಲೂಗಡ್ಡೆಯ ವಿಸ್ತಾರ ಬಹಳವಾಗಿ ಕುಗ್ಗಿತು. ಅನೇಕರು ಮುಸುಕಿನ ಜೋಳದತ್ತ ತಿರುಗಿದರು. ಐರ್ಲೆಂಡಿನ ದುರಂತದೊಡನೆ ಇದನ್ನು ಹೋಲಿಸುವುದು ಅತಿಯಾದೀತು. ಆದರೆ ಒಂದೇ ತಳಿಯನ್ನು ನೆಚ್ಚಿದ ನೆಲಕ್ಕೆ ಒದಗುವ ಪಾಡಿನ ಜಾತಿ ಒಂದೇ.

ಹಾಗಾದರೆ ಊರಿನ ನಡುವೆ ನಾಲ್ಕು ಅಡಿಯ ಹಿತ್ತಲಿರುವ ನಮ್ಮಂಥವರು ಮಾಡುವುದೇನು? ಕೇಳುಗರಲ್ಲಿ ಗಿಡದ ಗೀಳಿನವರು ಇದ್ದಾರು. ಅವರಿಗಾಗಿ ಎರಡು ಮಾತು. ರಾತ್ರಿಯ ತಂಪಿನಲ್ಲಿ ಗಡ್ಡೆ ಚೆನ್ನಾಗಿ ಕಟ್ಟುವುದರಿಂದ ಬೆಂಗಳೂರು, ಹಾಸನ, ಚಿಕ್ಕಬಳ್ಳಾಪುರದಂಥ ಕಡೆ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ನೆಡುವುದು ಮೇಲು. ಕೆಂಪು ಸಿಪ್ಪೆಯ ‘ಕುಫ್ರಿ ಸಿಂಧೂರಿ’, ನೇರಳೆ ಸಿಪ್ಪೆಯ ‘ಕುಫ್ರಿ ನೀಲಕಂಠ’ ನಮ್ಮ ದೇಶದಲ್ಲೇ ರೂಪುಗೊಂಡ ತಳಿಗಳು. ಮೊಳಕೆ ಇಣುಕಿದ ಗಡ್ಡೆಯನ್ನು ಸಡಿಲವಾದ ಮಣ್ಣಿನಲ್ಲಿ ನೆಟ್ಟು, ಗಿಡ ಗೇಣುದ್ದವಾದಾಗ ಬುಡಕ್ಕೆ ಮಣ್ಣು ಏರಿಸಬೇಕು. ಬಿಸಿಲು ತಾಗಿ ಹಸಿರಾದ ಗಡ್ಡೆಯಲ್ಲಿ ವಿಷಾಂಶ ಕೂಡುವುದರಿಂದ ಅದನ್ನು ಅಡಿಗೆಗೆ ಬಳಸಬಾರದು. ಒಂದೆರಡು ತಳಿಗಳನ್ನು ಅಕ್ಕಪಕ್ಕ ನೆಟ್ಟು, ಯಾವುದು ರೋಗಕ್ಕೆ ಸೋತಿತು, ಯಾವುದು ತಾಳಿತು ಎಂದು ಬರೆದಿಡುವುದು ಒಳ್ಳೆಯದು. ಮನೆಯ ಗಡ್ಡೆಯನ್ನೇ ಮತ್ತೆಮತ್ತೆ ನೆಟ್ಟರೆ ನಂಜುರೋಗ ಸೇರಿ ಇಳುವರಿ ಇಳಿಯುವುದುಂಟು. ಮುರುಟಿದ ಗಿಡವನ್ನು ದಾಕ್ಷಿಣ್ಯವಿಲ್ಲದೆ ಕಿತ್ತುಹಾಕಬೇಕು. ಪರದೇಶದಿಂದ ಬಂದವರ ಪೆಟ್ಟಿಗೆಯಲ್ಲಿ ಗುಟ್ಟಾಗಿ ಗಡ್ಡೆ ತರಿಸುವ ಆಸೆ ಮಾತ್ರ ಬೇಡ. ಅಂಗಮಾರಿ ಸಾಗರ ದಾಟಿದ್ದು ಗಡ್ಡೆಯ ಜೊತೆಯಲ್ಲೇ.

ಇಂಥ ಹಿತ್ತಲಿನಿಂದ ನಾಡಿನ ಹಸಿವು ಹಿಂಗುತ್ತದೆಯೆಂದು ಯಾರೂ ಹೇಳುವುದಿಲ್ಲ. ಹೊಲ ಹೊಟ್ಟೆಗೆ, ಹಿತ್ತಲು ನೆನಪಿಗೆ. ಸಂಶೋಧನಾಲಯದ ಗಾಜಿನ ನಳಿಗೆಯಲ್ಲಿ ತಳಿಯನ್ನು ಕಾಪಾಡಬಹುದು. ಆದರೆ ಅಲ್ಲಿ ಅದು ನಿದ್ರಿಸುತ್ತದೆ. ಬದಲಾಗುವ ಮಳೆ, ಬಿಸಿಲು, ರೋಗಗಳ ಎದುರು ಅದು ತನ್ನ ಬಲವನ್ನು ತೋರಿಸುವುದು ಮಣ್ಣಿನಲ್ಲಿ, ಯಾರದೋ ಕಣ್ಣೆದುರಿಗೆ. ಇದನ್ನು ಅರಿತೇ 2004ರಲ್ಲಿ ಪೆರುವಿನ ಪಿಸಾಕ್ ಬಳಿಯ ಆರು ಹಳ್ಳಿಗಳ ರೈತರು ಲಿಮಾದ ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡು, ತಮ್ಮ ಬೆಟ್ಟಗಳಿಂದ ಮರೆಯಾಗಿದ್ದ ನೂರಾರು ತಳಿಗಳನ್ನು ಮರಳಿ ಪಡೆದರು. ಸಂಗ್ರಹಾಲಯದ ಕಪಾಟಿನಿಂದ ಹೊರಬಂದ ಗಡ್ಡೆಗಳು ಮತ್ತೆ ಅಜ್ಜಿಯರ ಬುಟ್ಟಿ ಸೇರಿದವು. ವಿಜ್ಞಾನ ತಾನು ಪಡೆದ ಸಾಲವನ್ನು ಬಡ್ಡಿಯೊಡನೆ ಹಿಂದಿರುಗಿಸಿದ ಅಪರೂಪದ ಸಂದರ್ಭಗಳಲ್ಲಿ ಅದೂ ಒಂದು.